ಟೈಲರ್ ಹೇಳುವ ‘ಉರೇಬ್’ ಅಂದರೆ ಏನು? ನೆಕ್ ಪಟ್ಟಿ ಎದ್ದು ನಿಲ್ಲುತ್ತಿದೆ, ಗೊತ್ತಿದ್ದವರು ಹೇಳಿ

ಹೊಸ ಸೂಜಿ, ರಾಯಚೂರು:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಬ್ಲೌಸ್ ಹೊಲಿಯುವುದನ್ನು ಕಲಿಯುತ್ತಿದ್ದೇನೆ. ತೋಳು, ಡಾಟ್, ಹುಕ್ಕು ಪಟ್ಟಿ ಎಲ್ಲ ಒಂದು ಮಟ್ಟಕ್ಕೆ ಬಂದಿದೆ. ನೆಕ್ ಮಾತ್ರ ಕೈ ಹತ್ತುತ್ತಿಲ್ಲ. ದುಂಡು ನೆಕ್ಕಿಗೆ ಪಟ್ಟಿ ಕೊಟ್ಟು ಒಳಗೆ ಮಡಚಿದರೆ ಅಲ್ಲಲ್ಲಿ ಸುಕ್ಕು ಬೀಳುತ್ತದೆ, ಬೆನ್ನಿನ ಕಡೆ ಪಟ್ಟಿ ಎದ್ದು ನಿಲ್ಲುತ್ತದೆ. ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ನಮ್ಮ ಬೀದಿಯ ಹಿರಿಯ ಟೈಲರ್ ಚಾಚಾಗೆ ತೋರಿಸಿದೆ. ಅವರು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಎಳೆದರು. “ಇದು ಉರೇಬ್ ಅಲ್ಲಮ್ಮ, ಉರೇಬ್ ಪಟ್ಟಿ ಕತ್ತರಿಸಿ ಹಾಕು” ಅಂದರು. ಅಂಗಡಿ ತುಂಬ ಜನ, ಜಾಸ್ತಿ ಕೇಳಲು ಆಗಲಿಲ್ಲ. ಉರೇಬ್ ಅಂದರೆ ಬಟ್ಟೆಯ ಹೆಸರಾ, ಪಟ್ಟಿಯ ಹೆಸರಾ? ಅಂಗಡಿಯಲ್ಲಿ ಕೇಳಿದರೆ ಸಿಗುತ್ತದಾ?

ಕಾಜಾ ಗುಂಡಿ, ಶಿವಮೊಗ್ಗ:
ಬಟ್ಟೆಯೂ ಅಲ್ಲ, ಪಟ್ಟಿಯೂ ಅಲ್ಲ. ಅದು ಕತ್ತರಿಸುವ ದಿಕ್ಕು. ನಮ್ಮ ಕಡೆ ‘ಕ್ರಾಸ್ ಪಟ್ಟಿ’, ‘ಕ್ರಾಸ್ ಪೀಸ್’ ಅಂತೀವಲ್ಲ, ಅದೇ. ಕೆಲವರು ಓರೆ ಪಟ್ಟಿ ಅಂತಾರೆ. ಬಟ್ಟೆಯ ಅಂಚಿಗೆ (ನೇಯುವಾಗಲೇ ಬಂದ ಅಂಚು, ಕತ್ತರಿಸಿದ ಬದಿಯಲ್ಲ) ಸಮವಾಗಿ ಉದ್ದಕ್ಕೆ ಕತ್ತರಿಸಿದರೆ ಅದು ನೇರ. ಅಂಚಿಗೆ ಎದುರಾಗಿ ಕತ್ತರಿಸಿದರೆ ಅಡ್ಡ. ಇವೆರಡರ ನಡುವೆ ಸರಿಯಾಗಿ ಅರ್ಧಕ್ಕೆ, ಅಂದರೆ 45 ಡಿಗ್ರಿಗೆ, ಚೌಕದ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಉರೇಬ್. ನೀವು ಪಟ್ಟಿಯನ್ನು ನೇರಕ್ಕೆ ಕತ್ತರಿಸಿದ್ದೀರಿ ಅನಿಸುತ್ತದೆ. ಅದಕ್ಕೇ ಕೂರುತ್ತಿಲ್ಲ.

ಅಳತೆ ಟೇಪು, ಮೈಸೂರು:
ಕ್ರಾಸ್ ಅಂದರೆ ಅಡ್ಡ ಅಲ್ವಾ ಅಕ್ಕ? ನಾನು ಕಲಿತ ಕ್ಲಾಸಿನಲ್ಲಿ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿ ಅಂತಲೇ ಹೇಳಿಕೊಟ್ಟರು. ಅಡ್ಡಕ್ಕೆ ಬಟ್ಟೆ ಸ್ವಲ್ಪ ಹಿಗ್ಗುತ್ತದೆ ಕೂಡ.

ಕಾಜಾ ಗುಂಡಿ, ಶಿವಮೊಗ್ಗ:
ಅರ್ಧ ಜನ ಎಡವುವುದು ಇಲ್ಲೇ. ಅಡ್ಡ ಬೇರೆ, ಓರೆ ಬೇರೆ. ಮನೆಯಲ್ಲಿ ಒಂದು ಹಳೆಯ ಕಾಟನ್ ಕರ್ಚೀಫು ತಗೊಳ್ಳಿ. ಉದ್ದಕ್ಕೆ ಎಳೆಯಿರಿ, ಹಿಗ್ಗುವುದೇ ಇಲ್ಲ. ಅಡ್ಡಕ್ಕೆ ಎಳೆಯಿರಿ, ಒಂದು ಚೂರು ಬಿಟ್ಟುಕೊಡುತ್ತದೆ. ಈಗ ಎದುರುಬದುರು ಮೂಲೆ ಹಿಡಿದು ಎಳೆಯಿರಿ. ಬಟ್ಟೆ ಉದ್ದವಾಗುತ್ತದೆ, ನಡುವೆ ಅಗಲ ಕಮ್ಮಿಯಾಗಿ ಒಂದು ಮಡಿಕೆ ಏಳುತ್ತದೆ, ಬಿಟ್ಟರೆ ಹೆಚ್ಚುಕಮ್ಮಿ ಮೊದಲಿನ ಹಾಗೆ ಬರುತ್ತದೆ. ಆ ಚಾಚಾ ಪಟ್ಟಿ ಎಳೆದು ನೋಡಿದ್ದು ಇದನ್ನೇ. ನೋಟದಲ್ಲಿ ಗೊತ್ತಾಗದಿದ್ದರೂ ಬೆರಳಿಗೆ ಗೊತ್ತಾಗುತ್ತದೆ.

ಹಾಸು ಹೊಕ್ಕು ಅಂತೀವಲ್ಲ, ಅದರಲ್ಲೇ ಇದೆ ಎಲ್ಲ. ಉದ್ದದ ನೂಲು ಹಾಸು, ಅಡ್ಡ ನೂಲು ಹೊಕ್ಕು. ನೂಲಿನ ದಿಕ್ಕಿಗೇ ಎಳೆದರೆ ನೂಲು ಹಿಗ್ಗಬೇಕು, ಅದು ಹಿಗ್ಗುವುದಿಲ್ಲ. ಓರೆಗೆ ಎಳೆದರೆ ನೂಲು ಹಿಗ್ಗಬೇಕಾಗಿಲ್ಲ, ಹಾಸು ಹೊಕ್ಕಿನ ನಡುವಿನ ಕೋನ ಬದಲಾದರೆ ಸಾಕು. ಅಂಗಡಿಗಳ ಮುಂದೆ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಗೇಟು ಇರುತ್ತದಲ್ಲ, ಅದರ ಒಂದೊಂದು ಪಟ್ಟಿಯೂ ಅಷ್ಟೇ ಉದ್ದ ಇರುತ್ತದೆ, ಆದರೂ ಗೇಟು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಬಟ್ಟೆಯ ಸಣ್ಣ ಸಣ್ಣ ಚೌಕಗಳೂ ಹಾಗೇ ವಾಲಿಕೊಳ್ಳುತ್ತವೆ.

ಬಿದ್ರಿ ಹೂಜಿ, ಬೀದರ್:
ಮಾತು ಎಲ್ಲಿಂದ ಬಂತು ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಮನೆಮಾತು ದಖನಿ. ಉರೇಬ್ ಪಾರಸಿ ಪದ, ‘ಓರೆ’ ಅಂತಲೇ ಅರ್ಥ. ಇರಾನಿನಲ್ಲಿ ಇವತ್ತಿಗೂ ಇಂಥ ಪಟ್ಟಿಗೆ ‘ನವಾರೆ ಒರೀಬ್’ ಅನ್ನುತ್ತಾರೆ. ಉರ್ದು, ಹಿಂದಿಯಲ್ಲಿ ಉರೇಬ್, ಔರೇಬ್ ಎರಡೂ ನಡೆಯುತ್ತವೆ. ದರ್ಜಿ, ಅಸ್ತರು, ಜೇಬು ಬಂದ ದಾರಿಯಲ್ಲೇ ಇದೂ ಬಂತು. ಅವು ಎಲ್ಲರ ಬಾಯಲ್ಲೂ ಉಳಿದವು, ಉರೇಬ್ ಮಾತ್ರ ಹಳೆಯ ಟೈಲರುಗಳ ಅಂಗಡಿಯೊಳಗೇ ಉಳಿಯಿತು. ಹೊಸ ಹುಡುಗರು ಕ್ರಾಸ್ ಅಂತಾರೆ, ಇಂಗ್ಲಿಷ್ ಕಲಿತವರು ಬಯಾಸ್ ಅಂತಾರೆ.

ಅಳತೆ ಟೇಪು ಅವರ ಗೊಂದಲಕ್ಕೂ ಒಂದು ಕಾರಣ ಇದೆ. ಉರ್ದುವಿನಲ್ಲೇ ಚೂಡಿದಾರ್ ಪಾಯಿಜಾಮಕ್ಕೆ ‘ಆಡಾ ಪಾಯಿಜಾಮಾ’ ಅನ್ನುವ ಹೆಸರೂ ಇದೆ. ಆಡಾ ಅಂದರೆ ಅಡ್ಡ. ಕತ್ತರಿಸುವುದು ಓರೆಗೆ, ಕರೆಯುವುದು ಅಡ್ಡ ಅಂತ!

ಅಳತೆ ಟೇಪು, ಮೈಸೂರು:
ಕನ್ನಡದ ‘ಓರೆ’ ಮತ್ತು ‘ಉರೇಬ್’ ಒಂದೇ ಇರಬಹುದಾ? ಕೇಳಲು ಹತ್ತಿರ ಇದೆ.

ಬಿದ್ರಿ ಹೂಜಿ, ಬೀದರ್:
ಕಿವಿಗೆ ಹತ್ತಿರ, ಅಷ್ಟೇ. ಓರೆ ನಮ್ಮದೇ ಹಳೆಯ ಮಾತು, ತಮಿಳಿನಲ್ಲೂ ಅದರ ಬಂಧುಗಳಿವೆ. ಉರೇಬಿನ ದಾರಿ ಬೇರೆ. ಆದರೆ ನೆನಪಿಟ್ಟುಕೊಳ್ಳಲು ಸುಲಭ, ಅದು ಲಾಭ.

ಹೊಸ ಸೂಜಿ, ರಾಯಚೂರು:
ಅಕ್ಕ, ಕರ್ಚೀಫು ಎಳೆದು ನೋಡಿದೆ, ತಲೆಗೆ ಹೋಯಿತು. ಆದರೆ ಒಂದು ಸಂಶಯ. ನನ್ನ ಬಳಿ ಉಳಿದಿರುವುದು ಚೂರು ಬಟ್ಟೆ, ಅದರಲ್ಲಿ ಅಂಚೇ ಇಲ್ಲ. 45 ಡಿಗ್ರಿ ಹೇಗೆ ಹುಡುಕಲಿ? ಪಟ್ಟಿ ಎಷ್ಟು ಅಗಲ ಇರಬೇಕು?

ಕಾಜಾ ಗುಂಡಿ, ಶಿವಮೊಗ್ಗ:
ಅಂಚು ಇಲ್ಲದಿದ್ದರೆ ಒಂದು ಎಳೆ ನೂಲು ಎಳೆದು ತೆಗೆಯಿರಿ. ಅದು ಬಿಟ್ಟ ಗೆರೆಯೇ ನಿಮ್ಮ ನೇರ. ಆ ಗೆರೆಗೆ ಕತ್ತರಿಸಿ, ಇನ್ನೊಂದು ಕಡೆಯೂ ಹಾಗೇ ಮಾಡಿ. ಸರಿಯಾದ ಮೂಲೆ ಸಿಕ್ಕಿತಲ್ಲ, ಈಗ ಒಂದು ಅಂಚನ್ನು ಎತ್ತಿ ಪಕ್ಕದ ಅಂಚಿನ ಮೇಲೆ ಕೂರಿಸಿ. ತ್ರಿಕೋನವಾಗುತ್ತದೆ. ಆ ಮಡಿಕೆಯೇ ಉರೇಬ್. ಮಡಿಕೆಗೆ ಉಗುರಲ್ಲಿ ಗೀಚಿ, ಬಿಚ್ಚಿ, ಅದರ ಮೇಲೆ ಸ್ಕೇಲಿಟ್ಟು ಚಾಕಿನಲ್ಲಿ ಗೆರೆ ಎಳೆಯಿರಿ. ಇಸ್ತ್ರಿಯಲ್ಲಿ ಒತ್ತಿ ಎಳೆದರೆ ಮಡಿಕೆ ಹಿಗ್ಗಿ ಗೆರೆ ಸೊಟ್ಟಗಾಗುತ್ತದೆ, ಬೇಡ.

ಅಗಲ: ಒಳಗೆ ಮಡಚಿ ಹೆಮ್ಮಿಂಗ್ ಮಾಡುವ ಪಟ್ಟಿಗೆ ಒಂದೂಕಾಲು ಇಂಚು. ದಾರ ಇಟ್ಟು ಪೈಪಿಂಗ್ ಮಾಡಲೂ ಅಷ್ಟೇ ಸಾಕು. ಹೊರಗೆ ಕಾಣುವ ಹಾಗೆ ಅಂಚು ಕಟ್ಟುವುದಾದರೆ ಕಾಣಬೇಕಾದ ಅಗಲದ ನಾಲ್ಕರಷ್ಟು, ಅದರ ಮೇಲೆ ಚೂರು. ಎಳೆದಷ್ಟೂ ಪಟ್ಟಿ ಸಣ್ಣಗಾಗುತ್ತದೆ, ಆ ಚೂರು ಅದಕ್ಕೆ.

ಒಂದು ಎಚ್ಚರಿಕೆ. “ಸ್ವಲ್ಪ ಓರೆ ಇದ್ದರೆ ಸಾಕು” ಅಂತ ಸಿಕ್ಕಿದ ಕೋನಕ್ಕೆ ಕತ್ತರಿಸಬೇಡಿ. ಸರಿಯಾದ ಉರೇಬಿನಲ್ಲಿ ಹಾಸು ಹೊಕ್ಕು ಎರಡೂ ಸಮ ವಾಲುತ್ತವೆ. ಅರೆಬರೆ ಓರೆಯಲ್ಲಿ ಒಂದು ಜಾಸ್ತಿ, ಒಂದು ಕಮ್ಮಿ ಎಳೆಯುತ್ತದೆ. ಪಟ್ಟಿ ಮಡಚಿದ ಮೇಲೆ ತಿರುಚಿಕೊಂಡು ಓರೆ ಗೀರುಗಳು ಬೀಳುತ್ತವೆ. ಅದಕ್ಕಿಂತ ನೇರ ಪಟ್ಟಿಯೇ ವಾಸಿ.

ಲೆಕ್ಕದ ಮೇಡಂ, ಧಾರವಾಡ:
ಎಷ್ಟು ಬಟ್ಟೆಗೆ ಎಷ್ಟು ಪಟ್ಟಿ ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ಉದ್ದ ಇಂಟು ಅಗಲ, ಅದನ್ನು ಪಟ್ಟಿಯ ಅಗಲದಿಂದ ಭಾಗಿಸಿ. 15 ಇಂಚಿನ ಚೌಕ ಇದ್ದರೆ 225 ಚದರ ಇಂಚು. ಒಂದೂಕಾಲು ಇಂಚಿನ ಪಟ್ಟಿಗೆ ಭಾಗಿಸಿದರೆ 180 ಇಂಚು, ಅಂದರೆ 5 ಗಜ! ಜೋಡಣೆಯ ಹೊಲಿಗೆಗೆ ಹೋಗುವುದನ್ನು ಕಳೆದರೂ ನಾಲ್ಕೂವರೆ ಗಜದ ಆಸುಪಾಸು ಸಿಗುತ್ತದೆ. ಆದರೆ ಆ ಚೌಕದಲ್ಲಿ ಅತಿ ಉದ್ದದ ಒಂಟಿ ಪಟ್ಟಿ 21 ಇಂಚು ಮಾತ್ರ, ಮೂಲೆಯಿಂದ ಮೂಲೆಗೆ. ಬೆನ್ನು ಆಳ ಇಟ್ಟ ಬ್ಲೌಸಿನ ನೆಕ್ ಸುತ್ತಳತೆ 30 ಇಂಚು ದಾಟುವುದು ಸಾಮಾನ್ಯ. ಹಾಗಾಗಿ ಜೋಡಣೆ ತಪ್ಪಿದ್ದಲ್ಲ.

ಹೊಸ ಸೂಜಿ, ರಾಯಚೂರು:
ಜೋಡಿಸುವುದು ಹೇಗೆ? ಎರಡು ತುದಿ ಎದುರುಬದುರು ಇಟ್ಟು ಹೊಲಿದರೆ ಗಂಟಿನ ಹಾಗೆ ದಪ್ಪ ಆಗುತ್ತದಲ್ಲ.

ಕಾಜಾ ಗುಂಡಿ, ಶಿವಮೊಗ್ಗ:
ಎದುರುಬದುರು ಅಲ್ಲ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ‘ಎಲ್’ ಆಕಾರದಲ್ಲಿ ಇಡಿ, ಎರಡರ ಮೇಲುಮುಖವೂ ಒಳಗೆ ಬರಲಿ. ಪಟ್ಟಿಗಳ ಓರೆ ತುದಿಗಳು ಒಂದರ ಮೇಲೊಂದು ಕೂರುತ್ತವೆ, ಎರಡು ಬದಿಯಲ್ಲೂ ಪುಟ್ಟ ಕಿವಿಗಳು ಹೊರಗೆ ಚಾಚುತ್ತವೆ. ಒಂದು ಕಿವಿಯ ಬುಡದಿಂದ ಇನ್ನೊಂದರ ಬುಡಕ್ಕೆ ಕಾಲು ಇಂಚಿನಲ್ಲಿ ಹೊಲಿಯಿರಿ. ಬಿಚ್ಚಿ ಒತ್ತಿ, ಕಿವಿ ಕತ್ತರಿಸಿ. ಈಗ ಜೋಡಣೆ ಪಟ್ಟಿಗೆ ಓರೆಯಾಗಿ ಬರುತ್ತದೆ. ಮಡಚಿದಾಗ ದಪ್ಪ ಒಂದೇ ಜಾಗದಲ್ಲಿ ಸೇರುವುದಿಲ್ಲ.

ಪೀಣ್ಯ ಲೈನ್, ಬೆಂಗಳೂರು:
ಗಾರ್ಮೆಂಟ್ಸಿನಲ್ಲಿ ಕೆಲಸ ನನ್ನದು. ನಮ್ಮಲ್ಲಿ ಉರೇಬ್ ಅಂದರೆ ಯಾರಿಗೂ ಗೊತ್ತಿಲ್ಲ, ಬಯಾಸ್ ಅಂತಲೇ ಹೇಳೋದು. ಪೇಪರ್ ಪ್ಯಾಟರ್ನ್ ಮೇಲೆ ಬಾಣದ ಗುರುತು ಇರುತ್ತದೆ, ಅದು ಗ್ರೇನ್ ಲೈನ್, ಅಂದರೆ ಹಾಸು ನೂಲಿನ ದಿಕ್ಕು. ಬಾಣ ಓರೆಗಿದ್ದರೆ ಪೀಸು ಬಯಾಸ್ ಅಂತ ಲೆಕ್ಕ.

ಪಟ್ಟಿ ಒಂದೊಂದೇ ಜೋಡಿಸುತ್ತಾ ಕೂತರೆ ನಮ್ಮ ಟಾರ್ಗೆಟ್ ಮುಗಿಯುವುದೇ ಇಲ್ಲ. ರೋಲಿಗೆ ಬೇರೆ ದಾರಿ ಇದೆ. ಬಟ್ಟೆಯನ್ನು ಕೊಳವೆ ಮಾಡಿ ಹೊಲಿದು, ಮೆಷಿನ್ನಿಗೆ ಹಾಕಿ ಸುತ್ತು ಸುತ್ತಾಗಿ ಕತ್ತರಿಸುತ್ತಾರೆ. ಮುಗಿಯದ ಹಾಗೆ ಒಂದೇ ಪಟ್ಟಿ ಬರುತ್ತಾ ಹೋಗುತ್ತದೆ. ಮನೆಯಲ್ಲೂ ಮಾಡಬಹುದು. ಮೇಡಂ ಹೇಳಿದ 15 ಇಂಚಿನ ಚೌಕವನ್ನೇ ತಗೊಳ್ಳಿ. ಮೂಲೆಯಿಂದ ಮೂಲೆಗೆ ಕತ್ತರಿಸಿ, ಎರಡು ತ್ರಿಕೋನ ಬಂತು. ಎರಡರ ಒಂದೊಂದು ನೇರ ಬದಿ ಸೇರಿಸಿ ಕಾಲು ಇಂಚಿನಲ್ಲಿ ಹೊಲಿಯಿರಿ. ಬಿಚ್ಚಿ ಹಾಸಿದರೆ ವಾಲಿದ ಆಯತ ಕಾಣುತ್ತದೆ. ಅದರ ಉದ್ದ ಬದಿಗಳು ಎರಡೂ ಉರೇಬ್. ಆ ಬದಿಗೆ ಸಮವಾಗಿ ಒಂದೂಕಾಲು ಇಂಚಿಗೊಂದು ಗೆರೆ ಎಳೆಯಿರಿ. ಈಗ ಉಳಿದ ಎರಡು ನೇರ ಬದಿಗಳನ್ನು ಸೇರಿಸಿ ಕೊಳವೆ ಮಾಡಬೇಕು. ಗುಟ್ಟು ಇಲ್ಲಿದೆ: ಗೆರೆಗೆ ಗೆರೆ ಸರಿಯಾಗಿ ಕೂರಿಸಬಾರದು, ಒಂದು ಗೆರೆ ಸರಿಸಿ ಕೂರಿಸಬೇಕು. ಕೊಳವೆಯ ಎರಡು ತುದಿಯಲ್ಲೂ ಒಂದೊಂದು ಪಟ್ಟಿ ಹೊರಗೆ ಉಳಿಯುತ್ತದೆ. ಹೊಲಿದು, ಆ ತುದಿಯಿಂದ ಕತ್ತರಿ ಇಟ್ಟು ಗೆರೆ ಹಿಡಿದು ಹೋಗುತ್ತಿರಿ. ಗೆರೆ ಸರಿಸದೆ ಹೊಲಿದರೆ ಪಟ್ಟಿಯ ಬದಲು ಬಳೆ ಬಳೆ ಬರುತ್ತವೆ.

ಬಿದ್ರಿ ಹೂಜಿ, ಬೀದರ್:
ಅಯ್ಯೋ, ಇದು ಚೂಡಿದಾರಿನ ಥೈಲಿ! ನಿಮ್ಮ ಫ್ಯಾಕ್ಟರಿಯವರಿಗಿಂತ ಮುಂಚೆಯೇ ನಮ್ಮ ದರ್ಜಿಗಳು ಮಾಡುತ್ತಿದ್ದರು. ಚೂಡಿದಾರ್ ಪಾಯಿಜಾಮ ಪೂರ್ತಿ ಉರೇಬಿನಲ್ಲಿ ಕತ್ತರಿಸಬೇಕು. ಇಲ್ಲದಿದ್ದರೆ ಮಂಡಿ ಮಡಚಲು ಆಗುವುದಿಲ್ಲ, ಹಿಮ್ಮಡಿ ದಾಟುವುದಿಲ್ಲ. ಲೈಕ್ರಾ ಇಲ್ಲದ ಕಾಲದಲ್ಲಿ ಮೈಗೆ ಅಂಟಿದ ಹಾಗೆ ಬಟ್ಟೆ ಕೂರಬೇಕಾದರೆ ಇದೊಂದೇ ಉಪಾಯ. ಬಟ್ಟೆಯನ್ನು ಸುಮ್ನೆ ಓರೆಗಿಟ್ಟು ಕತ್ತರಿಸಿದರೆ ಮೂಲೆಗಳೆಲ್ಲ ದಂಡ. ಅದಕ್ಕೆ ಎರಡು ಅಂಚುಗಳನ್ನು ನೇರವಾಗಿ ಸೇರಿಸದೆ ಓರೆಯಾಗಿ ಸರಿಸಿ ಹೊಲಿದು ಚೀಲ ಮಾಡುತ್ತಾರೆ, ಅದೇ ಥೈಲಿ. ಚಪ್ಪಟೆ ಹಾಸಿದರೆ ಚೀಲದ ಉದ್ದವೇ ಉರೇಬ್. ಅದರ ಮೇಲೆ ಕಾಲಿನ ಅಳತೆ ಇಟ್ಟು ಕತ್ತರಿಸುವುದು. ಹಳೆಯ ಚೂಡಿದಾರ್ ಇದ್ದರೆ ತೆಗೆದು ನೋಡಿ, ಕಾಲಿನ ಮೇಲೆ ಓರೆಯಾಗಿ ಒಂದು ಜೋಡಣೆ ಹಾದುಹೋಗಿರುತ್ತದೆ. ಅದು ತೇಪೆ ಅಲ್ಲ, ಥೈಲಿಯ ಹೊಲಿಗೆ.

ನಮ್ಮ ಜನ ಮೇಲಿನ ಕಮೀಜು, ದುಪಟ್ಟಾ ಎಲ್ಲ ಸೇರಿಸಿ ಚೂಡಿದಾರ್ ಅಂತ ಕರೆದು ಆ ಹೆಸರಿನ ಮಾನ ಕಳೆದಿದ್ದಾರೆ, ಅದು ಬೇರೆ ಮಾತು. ಚೂಡಿ ಅಂದರೆ ಬಳೆ. ಕಣಕಾಲಿನಲ್ಲಿ ಬೀಳುವ ಸುತ್ತು ಮಡಿಕೆಗೆ ಆ ಹೆಸರು.

ಡಿಸೈನ್ ಓದುವವಳು, ಬೆಂಗಳೂರು:
ನಮಗೆ ಪಾಠದಲ್ಲಿ ಬಯಾಸ್ ಕಟ್ ಅಂದರೆ ಮದ್ಲೆನ್ ವಿಯೊನೆ ಅಂತಲೇ ಹೇಳಿಕೊಡುತ್ತಾರೆ. ಫ್ರಾನ್ಸಿನವರು, ಹುಟ್ಟಿದ್ದು 1876ರಲ್ಲಿ. ಪ್ಯಾರಿಸಿನಲ್ಲಿ 1912ರಲ್ಲಿ ಸ್ವಂತ ಅಂಗಡಿ ತೆರೆದರು. ಚಿಕ್ಕ ಮರದ ಗೊಂಬೆಗೆ ಬಟ್ಟೆ ಓರೆಯಾಗಿ ಸುತ್ತಿ ನೋಡಿ, ಆಮೇಲೆ ದೊಡ್ಡ ಅಳತೆಗೆ ಕತ್ತರಿಸುತ್ತಿದ್ದರು. ಕಾರ್ಸೆಟ್ (ಸೊಂಟ ಬಿಗಿಯುವ ಒಳ ಉಡುಪು) ಇಲ್ಲದೆ ಗೌನು ಮೈ ಮೇಲೆ ಜಾರಿ ಇಳಿಯುವ ಹಾಗೆ ಮಾಡಿದ್ದು ಅವರ ಹೆಚ್ಚುಗಾರಿಕೆ. ಬಯಾಸ್ ಕಂಡುಹಿಡಿದವರೇ ಅವರು ಅಲ್ವಾ?

ಬಿದ್ರಿ ಹೂಜಿ, ಬೀದರ್:
ಕಂಡುಹಿಡಿದರು ಅನ್ನುವುದು ಜಾಸ್ತಿ ಆಯಿತಮ್ಮ. ಮೊಗಲರ ಕಾಲದ ಚಿತ್ರಗಳಲ್ಲೇ ಕಣಕಾಲಿಗೆ ಮಡಿಕೆ ಬಿದ್ದ ಬಿಗಿ ಪಾಯಿಜಾಮ ಕಾಣುತ್ತದೆ. ಇಡೀ ಗೌನನ್ನು ಆ ದಿಕ್ಕಿಗೆ ತಂದು ಫ್ಯಾಷನ್ ಮಾಡಿದರು ಅನ್ನಿ, ಒಪ್ಪುತ್ತೇನೆ.

ಅಳತೆ ಟೇಪು, ಮೈಸೂರು:
ಗಂಡಸರ ಬಟ್ಟೆಯಲ್ಲೂ ಇದೆ. ಟೈ ಓರೆಗೆ ಕತ್ತರಿಸಿರುತ್ತಾರೆ, ಅದಕ್ಕೇ ಗಂಟು ಬಿಚ್ಚಿದ ಮೇಲೆ ಸುಕ್ಕು ತಾನಾಗಿ ಹೋಗುತ್ತದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಅನ್ನುವವರು ಮೂರು ತುಂಡು ಜೋಡಿಸಿ ಟೈ ಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದರು. ಕೋಟಿನ ಕಾಲರಿನ ಅಡಿಯ ಬಟ್ಟೆಯೂ ಉರೇಬೇ. ಚೆಕ್ಸ್ ಶರ್ಟಿನ ಹೆಗಲ ಪಟ್ಟಿ ಓರೆ ಇರುವುದು ಮಾತ್ರ ಹೆಚ್ಚಾಗಿ ಚಂದಕ್ಕೆ. ಅಲ್ಲಿ ಚೆಕ್ಸ್ ಕೂಡಿಸುವ ತಲೆನೋವು ತಪ್ಪುತ್ತದೆ, ಅದು ನಮ್ಮ ಟೈಲರುಗಳ ಲಾಭ!

ಹೊಸ ಸೂಜಿ, ರಾಯಚೂರು:
ಇಷ್ಟೆಲ್ಲ ಇದೆಯಾ ಇದರಲ್ಲಿ! ಮತ್ತೆ ನನ್ನ ನೆಕ್ಕಿಗೆ ಬರುತ್ತೇನೆ. ಉರೇಬ್ ಪಟ್ಟಿ ಕತ್ತರಿಸಿದೆ. ಸುಕ್ಕು ಹೋಯಿತು. ಆದರೆ ಹಾಕಿಕೊಂಡರೆ ಮುಂದಿನ ನೆಕ್ ಸ್ವಲ್ಪ ಬಾಯಿ ಬಿಟ್ಟ ಹಾಗಿದೆ, ಎದೆಗೆ ಅಂಟುತ್ತಿಲ್ಲ.

ಕಾಜಾ ಗುಂಡಿ, ಶಿವಮೊಗ್ಗ:
ಅದು ಪಟ್ಟಿಯದಲ್ಲ, ಬ್ಲೌಸಿನ ನೆಕ್ ಹಿಗ್ಗಿದೆ. ಯೋಚನೆ ಮಾಡಿ. ದುಂಡಗೆ ಕತ್ತರಿಸಿದ ನೆಕ್ಕಿನಲ್ಲಿ ಹೆಗಲಿನ ಹತ್ತಿರ ಬಟ್ಟೆ ನೇರ ಇದೆ, ನಡುವೆ ಕೆಳಗೆ ಅಡ್ಡ ಇದೆ. ಇವೆರಡರ ಮಧ್ಯೆ ತಿರುವಿನಲ್ಲಿ ಎರಡು ಕಡೆ ಓರೆ ಬಂದೇ ಬರುತ್ತದೆ. ನಾವು ಬೇಕು ಅಂತ ಮಾಡದಿದ್ದರೂ ಅಲ್ಲಿ ಉರೇಬ್ ಇದೆ. ಮುಂದಿನ ಭಾಗವನ್ನು ಕ್ರಾಸ್ ಕಟ್ ಮಾಡಿದ್ದರಂತೂ ಲೆಕ್ಕ ಉಲ್ಟಾ, ಹಿಗ್ಗುವ ಜಾಗ ಬೇರೆ ಕಡೆ ಬರುತ್ತದೆ. ಕತ್ತರಿಸಿದ ಮೇಲೆ ಎತ್ತಿ ಹಿಡಿದು, ಗೂಟಕ್ಕೆ ನೇತುಹಾಕಿ, ಮಗುವಿನ ಕೈಗೆ ಕೊಟ್ಟು ಓಡಾಡಿದರೆ ಆ ತಿರುವು ತನ್ನಷ್ಟಕ್ಕೆ ಹಿಗ್ಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಪಟ್ಟಿ ಹಾಕಿದರೂ ಹಿಗ್ಗಿದ್ದು ಹಿಗ್ಗಿದ್ದೇ.

ಅದಕ್ಕೆ ಕತ್ತರಿಸಿದ ಕೂಡಲೇ ನೆಕ್ ಸುತ್ತ ಅಂಚಿನಿಂದ ಕಾಲು ಇಂಚಿನೊಳಗೆ ಒಂದು ಸಾದಾ ಹೊಲಿಗೆ ಓಡಿಸಿಬಿಡಿ. ಹೆಗಲಿನಿಂದ ಕೆಳಕ್ಕೆ, ಇನ್ನೊಂದು ಹೆಗಲಿನಿಂದ ಮತ್ತೆ ಕೆಳಕ್ಕೆ. ಬಟ್ಟೆ ಎಳೆಯಬೇಡಿ, ಮೆಷಿನ್ ತಾನೇ ತಗೊಳ್ಳಲಿ. ಆಮೇಲೆ ಪಟ್ಟಿ ಹೊಲಿಯುವಾಗ ತಿರುವಿನಲ್ಲಿ ಪಟ್ಟಿಯನ್ನು ಮಾತ್ರ ಚೂರು ಬಿಗಿ ಹಿಡಿಯಿರಿ, ಬ್ಲೌಸನ್ನು ಸಡಿಲ ಬಿಡಿ. ನೆಕ್ ಮೈಗೆ ಕೂರುವುದು ಆ ಬಿಗಿಯಿಂದ. ನೇರ ಭಾಗದಲ್ಲಿ ಎಳೆಯಲೇಬಾರದು, ಎಳೆದರೆ ಅಲ್ಲಿ ನೆರಿಗೆ. ಹೊಲಿದ ಮೇಲೆ ತಿರುವಿನಲ್ಲಿ ಹೊಲಿಗೆಗೆ ತಾಗದ ಹಾಗೆ ಸಣ್ಣ ಸಣ್ಣ ಕಟ್ ಕೊಟ್ಟು ಮಡಚಿ. ‘ವಿ’ ನೆಕ್ ಆದರೆ ತುದಿಯಲ್ಲಿ ಒಂದೇ ಕಟ್, ಹೊಲಿಗೆಯ ಹತ್ತಿರದವರೆಗೆ.

ಗುಳೇದಗುಡ್ಡದ ಸೊಸೆ, ಬಾಗಲಕೋಟೆ:
ಖಣದ ಬ್ಲೌಸಿಗೆ ಏನು ಮಾಡಬೇಕು ಹೇಳ್ರಿ. ಟೈಲರ್ ಕ್ರಾಸ್ ಕಟ್ ಮಾಡಿಕೊಡುತ್ತೇನೆ ಅಂದರು. ನಮ್ಮ ಅತ್ತೆ ಬೇಡವೇ ಬೇಡ ಅಂತಾರೆ.

ಕಾಜಾ ಗುಂಡಿ, ಶಿವಮೊಗ್ಗ:
ಅತ್ತೆ ಹೇಳಿದ್ದೇ ಸರಿ. ಖಣಕ್ಕೆ ಅಗಲ ಕಮ್ಮಿ, ಎರಡು ಕಡೆ ದಡಿ ಬೇರೆ. ಓರೆಗಿಟ್ಟರೆ ದಡಿಯೂ ಹೋಯಿತು, ಬುಟ್ಟಾ ಸಾಲೂ ವಾಲಿತು, ಬಟ್ಟೆಯೂ ಸಾಲದು. ಹಳೆಯ ಕುಪ್ಪಸ ಬಿಚ್ಚಿ ನೋಡಿದ್ದೀರಾ? ಎಲ್ಲ ನೇರ ತುಂಡು, ತ್ರಿಕೋನ, ಕಂಕುಳಿಗೆ ಒಂದು ಪುಟ್ಟ ಚೌಕ. ಬಟ್ಟೆ ಹಿಗ್ಗಿಸಿ ಮೈಗೆ ಕೂರಿಸುವ ಬದಲು ತುಂಡು ಜೋಡಿಸಿ ಕೂರಿಸುತ್ತಿದ್ದರು, ಒಂದಿಷ್ಟೂ ದಂಡವಿಲ್ಲ. ನೀವು ಪ್ಲೇನ್ ಕಟ್ ಅಥವಾ ಪ್ರಿನ್ಸೆಸ್ ಕಟ್ ಮಾಡಿಸಿ. ಪೈಪಿಂಗಿಗೆ ಖಣ ಬೇಡ, ತೆಳು ಕಾಟನ್ನಿನಲ್ಲಿ ಉರೇಬ್ ಕತ್ತರಿಸಿ ಹಾಕಿಸಿ. ಕಾಟನ್ನನ್ನು ಮೊದಲು ನೀರಿಗೆ ಹಾಕಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ನೆಕ್ ಎಳೆದುಕೊಳ್ಳುತ್ತದೆ.

ಪೀಣ್ಯ ಲೈನ್, ಬೆಂಗಳೂರು:
ರೆಡಿ ಪಟ್ಟಿಯೂ ಸಿಗುತ್ತದೆ. ಚಿಕ್ಕಪೇಟೆ ಕಡೆ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ‘ಬಯಾಸ್ ಟೇಪ್’ ಅಂತ ಕೇಳಿ. ಸುಮ್ನೆ ‘ಟೇಪ್’ ಅಂದರೆ ನೇರ ನೇಯ್ಗೆಯ ಟೇಪ್ ಕೊಟ್ಟುಬಿಡುತ್ತಾರೆ, ಅದು ತಿರುವಿಗೆ ಬರುವುದಿಲ್ಲ. ಅಂಗಡಿಯಲ್ಲೇ ಎಳೆದು ನೋಡಿ ತಗೊಳ್ಳಿ. ಬಣ್ಣ ಹೊಂದಿಸುವುದು ಕಷ್ಟ, ನನ್ನ ಕೇಳಿದರೆ ಮನೆಯಲ್ಲಿ ಕತ್ತರಿಸಿದ್ದೇ ಮೇಲು.

ದುಬೈ ಕನ್ನಡತಿ:
ತಡವಾಗಿ ಬಂದೆ. ಮಗಳಿಗೆ ಜಾರ್ಜೆಟ್‌ನಲ್ಲಿ ಅಂಬ್ರೆಲಾ ಲಂಗ ಹೊಲಿಯುತ್ತಿದ್ದೇನೆ. ಕೆಳಗಿನ ಸುತ್ತು ಸಮ ಕತ್ತರಿಸಿದ್ದರೂ ನೇತುಹಾಕಿದ ಮೇಲೆ ನಾಲ್ಕು ಕಡೆ ಇಳಿದು ಅಲೆ ಅಲೆಯಾಗಿದೆ. ಇದಕ್ಕೂ ಉರೇಬಿಗೂ ಸಂಬಂಧ ಇದೆಯಾ?

ಲೆಕ್ಕದ ಮೇಡಂ, ಧಾರವಾಡ:
ಇದೆ. ಪೂರ್ತಿ ವೃತ್ತ ಕತ್ತರಿಸಿದರೆ ನಾಲ್ಕು ಕಡೆ ಉರೇಬ್ ಬರುತ್ತದೆ, ಹಾಸಿಗೂ ಹೊಕ್ಕಿಗೂ ಸರಿಯಾಗಿ ನಡುವೆ. ಇಳಿದ ಜಾಗಗಳೂ ನಾಲ್ಕು ಅಂತ ನೀವೇ ಹೇಳಿದಿರಲ್ಲ!

ಕಾಜಾ ಗುಂಡಿ, ಶಿವಮೊಗ್ಗ:
ಕೆಳಗಿನ ಅಂಚು ಈಗಲೇ ಮಡಚಬೇಡಿ. ಸೊಂಟದ ಪಟ್ಟಿ ಹೊಲಿದು, ಒಂದು ರಾತ್ರಿ, ಜಾರ್ಜೆಟ್ ಆದ್ದರಿಂದ ಬೇಕಾದರೆ ಎರಡು ರಾತ್ರಿ, ಕ್ಲಿಪ್ ಹಾಕಿ ನೇತುಹಾಕಿ. ಇಳಿಯುವಷ್ಟು ಇಳಿಯಲಿ. ಆಮೇಲೆ ಮಗಳಿಗೆ ತೊಡಿಸಿ ನೇರ ನಿಲ್ಲಿಸಿ, ನೆಲದಿಂದ ಸ್ಕೇಲು ನಿಲ್ಲಿಸಿಕೊಂಡು ಸುತ್ತ ಒಂದೇ ಎತ್ತರಕ್ಕೆ ಗುರುತು ಹಾಕಿ. ಸೊಂಟದಿಂದ ಟೇಪಿನಲ್ಲಿ ಅಳೆಯಬೇಡಿ, ಇಳಿದ ಕಡೆ ಅಳತೆ ಜಾಸ್ತಿ ಬರುತ್ತದೆ. ಗುರುತಿಗೆ ಕತ್ತರಿಸಿ, ಪೀಕೋ ಮಾಡಿಸಿದರೆ ಸಾಕು. ಅಗಲ ಮಡಿಕೆ ಬೇಡ, ತಿರುಚಿಕೊಳ್ಳುತ್ತದೆ. ಲೈನಿಂಗ್ ಹಾಕುವುದಿದ್ದರೆ ಅದನ್ನು ಬೇರೆಯಾಗಿ ನೇತುಹಾಕಿ, ಎರಡೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ.

ದುಬೈ ಕನ್ನಡತಿ:
ಸರಿ ಅಕ್ಕ. ಕತ್ತರಿಸುವಾಗ ಜಾರ್ಜೆಟ್ ಜಾರಿ ಜಾರಿ ಗೆರೆ ತಪ್ಪುತ್ತದಲ್ಲ, ಅದಕ್ಕೆ?

ಕಾಜಾ ಗುಂಡಿ, ಶಿವಮೊಗ್ಗ:
ಕೆಳಗೆ ಹಳೆಯ ನ್ಯೂಸ್ ಪೇಪರ್ ಹಾಸಿ ಗುಂಡುಸೂಜಿ ಚುಚ್ಚಿ, ಪೇಪರ್ ಸಮೇತ ಕತ್ತರಿಸಿ. ತಿಳಿ ಬಣ್ಣದ ಬಟ್ಟೆ ಆದರೆ ಅಚ್ಚಿನ ಶಾಯಿ ಅಂಟುತ್ತದೆ, ಆಗ ಖಾಲಿ ಬಿಳಿ ಹಾಳೆ ಹಾಸಿ.